ಪೆನ್‌ಡ್ರೈವ್ ಸತ್ತಿಲ್ಲ: ಮನೆಯ ಹಳೆ ಲ್ಯಾಪ್‌ಟಾಪಿಗೆ ಶಾಲೆಯ ಉಬುಂಟು ಹಾಕುವ ಮೊದಲು

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಅಡಿಕೆ ಕೃಷಿ, ಜತೆಗೆ ತಾಳಮದ್ದಳೆಯ ಹುಚ್ಚು. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ. ಶಾಲೆಯ ಲ್ಯಾಬಿನಲ್ಲಿ ವಿಂಡೋಸಿನ ಬದಲು ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್, ಮನೆಯಲ್ಲಿ 2017ರಲ್ಲಿ ತೆಗೆದ ವಿಂಡೋಸ್ 10ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಶಾಲೆಯದ್ದೇ ಮನೆಯಲ್ಲೂ ಇದ್ದರೆ ಅಭ್ಯಾಸಕ್ಕೆ ಆಗುತ್ತದೆ ಎಂದು ಅವಳ ಆಸೆ. ಅಕ್ಕನ ಮಗ ಐಎಸ್‌ಒ ಫೈಲು ಡೌನ್‌ಲೋಡ್ ಮಾಡಿ 32 ಜಿಬಿ ಪೆನ್‌ಡ್ರೈವಿಗೆ ಕಾಪಿ ಮಾಡಿದ, ಬೂಟ್ ಆಗಲಿಲ್ಲ, ಎಂದರೆ ಲ್ಯಾಪ್‌ಟಾಪ್ ಅದರಿಂದ ಶುರುವಾಗಲಿಲ್ಲ. ಮತ್ತೆ ಯಾವುದೋ ಸಾಫ್ಟ್‌ವೇರಿನಿಂದ ಹಾಕಿದ. ಈಗ ವಿಂಡೋಸಿನಲ್ಲಿ ಪೆನ್‌ಡ್ರೈವ್ 4 ಎಂಬಿ ಮಾತ್ರ ಎಂದು ತೋರಿಸುತ್ತದೆ, ಫಾರ್ಮ್ಯಾಟ್ ಮಾಡಿ ಎಂದು ಕೇಳುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದರೆ ಸೀದಾ ವಿಂಡೋಸಿಗೇ ಹೋಗುತ್ತದೆ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ‘ಪೆನ್‌ಡ್ರೈವ್ ಹೋಗಿದೆ, ಉಬುಂಟು ಹಾಕಿದರೆ ವಿಂಡೋಸೂ ಫೈಲುಗಳೂ ಹೋಗುತ್ತವೆ, ವಿಂಡೋಸ್ 10 ಹೇಗೂ ನಿಂತಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ’ ಎಂದರು. ಲ್ಯಾಪ್‌ಟಾಪಿನಲ್ಲಿ ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪ್ರಸಂಗದ ಪದ್ಯಗಳು, ತೋಟದ ಲೆಕ್ಕ, ಮನೆಯವರ ಫೋಟೋ ಎಲ್ಲ ಇವೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಹೆದರಿಕೆಗಳು ಸೇರಿಕೊಂಡಿವೆ: ಪೆನ್‌ಡ್ರೈವ್ ಹಾಳಾಯಿತು, ಫೈಲುಗಳು ಹೋಗುತ್ತವೆ, ಲ್ಯಾಪ್‌ಟಾಪ್ ಇನ್ನು ಪ್ರಯೋಜನಕ್ಕಿಲ್ಲ. ಮೊದಲನೆಯದು ಬಹುತೇಕ ಸುಳ್ಳು. ಎರಡನೆಯದು ನಿಜವಾಗಬಹುದು, ಆದರೆ ಹೆಚ್ಚಾಗಿ ಒಂದು ಪರದೆಯಲ್ಲಿ ತಪ್ಪು ಒತ್ತಿದರೆ. ಮೂರನೆಯದು ಅರ್ಧ ನಿಜ.

ಪೆನ್‌ಡ್ರೈವಿನಿಂದಲೇ ಶುರು ಮಾಡೋಣ. 4 ಎಂಬಿ ಎಂದು ತೋರಿಸುವುದು ಹಾಳಾದ ಲಕ್ಷಣವಲ್ಲ, ನಿಮ್ಮ ಅಕ್ಕನ ಮಗ ಎರಡನೇ ಸಲ ಸರಿಯಾಗಿಯೇ ಮಾಡಿದ್ದಾನೆ ಎಂಬುದರ ಲಕ್ಷಣ. ಉಬುಂಟುವಿನ ಐಎಸ್‌ಒ ಎಂಬುದು ಒಂದು ಇಡೀ ಡಿಸ್ಕಿನ ಪಡಿಯಚ್ಚು. ಬಲೇನಾ ಎಚರ್‌ನಂಥ ಸಾಫ್ಟ್‌ವೇರ್, ಅಥವಾ ರೂಫಸ್ ಎಂಬ ಇನ್ನೊಂದು ಸಾಫ್ಟ್‌ವೇರಿನ ಡಿಡಿ ಮೋಡ್, ಆ ಪಡಿಯಚ್ಚನ್ನು ಬೈಟಿಗೆ ಬೈಟು ಪೆನ್‌ಡ್ರೈವಿನ ಮೇಲೆ ಬರೆಯುತ್ತದೆ. ಹಾಗೆ ಬರೆದಾಗ ಪೆನ್‌ಡ್ರೈವಿನಲ್ಲಿ ಎರಡು ಮುಖ್ಯ ಭಾಗಗಳಾಗುತ್ತವೆ. ದೊಡ್ಡದರಲ್ಲಿ ಉಬುಂಟು ಇರುತ್ತದೆ, ಆದರೆ ಅದು ಸಿಡಿಗಳಿಗೆಂದು ಮಾಡಿದ ಫೈಲ್‌ಸಿಸ್ಟಮ್, ಅಂದರೆ ಫೈಲು ಜೋಡಿಸಿಡುವ ಕ್ರಮ. ಪೆನ್‌ಡ್ರೈವಿನ ಮೇಲೆ ಅದನ್ನು ಕಂಡರೆ ವಿಂಡೋಸಿಗೆ ತಲೆಬುಡ ತಿಳಿಯುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಚಿಕ್ಕದು ಬೂಟ್ ಆಗಲು ಬೇಕಾದ ಕೆಲವೇ ಎಂಬಿಯ ಭಾಗ, ಅದನ್ನು ವಿಂಡೋಸ್ ಓದಬಲ್ಲದು. ನೀವು ಕಂಡ 4 ಎಂಬಿ ಅದು. ಉಳಿದ ಜಾಗ ಎಲ್ಲಿಗೂ ಹೋಗಿಲ್ಲ.

ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ಮೊದಲಿನಂತೆ ಮಾಡುವುದು ಸುಲಭ. ರೂಫಸ್ ತೆರೆದು ‘ಬೂಟ್ ಸೆಲೆಕ್ಷನ್’ ಎಂಬಲ್ಲಿ ‘ನಾನ್ ಬೂಟೆಬಲ್’ ಆರಿಸಿ ಸ್ಟಾರ್ಟ್ ಒತ್ತಿದರೆ 32 ಜಿಬಿ ಪೂರ್ತಿ ವಾಪಸು ಬರುತ್ತದೆ. ಯೂಟ್ಯೂಬಿನಲ್ಲಿ ಇದಕ್ಕೆ ಡಿಸ್ಕ್‌ಪಾರ್ಟ್ ಎಂಬ ಕಪ್ಪು ಪರದೆಯ ಕಮಾಂಡನ್ನು ತೋರಿಸುವವರು ಬಹಳ ಮಂದಿ. ಅದೂ ಆಗುತ್ತದೆ, ಆದರೆ ನಾನು ಮನೆಯವರಿಗೆ ಹೇಳುವುದಿಲ್ಲ. ಅಲ್ಲಿ ಡಿಸ್ಕ್ 0 ಅಂದರೆ ಸಾಮಾನ್ಯವಾಗಿ ನಿಮ್ಮ ಹಾರ್ಡ್‌ಡಿಸ್ಕ್, ಡಿಸ್ಕ್ 1 ಪೆನ್‌ಡ್ರೈವ್. ಒಂದು ಅಂಕಿ ತಪ್ಪಿ ‘ಕ್ಲೀನ್’ ಎಂದು ಟೈಪ್ ಮಾಡಿದರೆ ಅದು ಇನ್ನೊಮ್ಮೆ ಕೇಳುವುದೂ ಇಲ್ಲ.

ಹಾಗಾದರೆ ಮೊದಲ ಸಲ, ಬರೇ ಕಾಪಿ ಮಾಡಿದಾಗ ಯಾಕೆ ಆಗಲಿಲ್ಲ? ವೇಷದ ಪೆಟ್ಟಿಗೆಯನ್ನು ಬೀಗ ಹಾಕಿದ ಹಾಗೇ ರಂಗಸ್ಥಳದಲ್ಲಿ ತಂದಿಟ್ಟರೆ ಆಟ ಶುರುವಾಗುವುದಿಲ್ಲವಷ್ಟೆ, ಇದೂ ಹಾಗೆ. ಲ್ಯಾಪ್‌ಟಾಪ್ ಆನ್ ಮಾಡಿದ ಮೊದಲ ಕ್ಷಣಗಳಲ್ಲಿ ವಿಂಡೋಸೂ ಇಲ್ಲ, ಉಬುಂಟುವೂ ಇಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಚಿಕ್ಕ ಪ್ರೋಗ್ರಾಮ್ ಒಂದೇ ಎಚ್ಚರವಿರುತ್ತದೆ. ಹಳೆಯ ಬಗೆಯದಾದರೆ ಅದನ್ನು ಬಯಾಸ್ ಎನ್ನುತ್ತೇವೆ, ಹೊಸದಾದರೆ ಯುಇಎಫ್‌ಐ. ಮಾತಿನಲ್ಲಿ ಎರಡಕ್ಕೂ ಬಯಾಸ್ ಎಂದೇ ಹೇಳುವುದು ರೂಢಿ. ಬಯಾಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಅದರಲ್ಲಿ 446 ಬೈಟಿನಷ್ಟು ಜಾಗದಲ್ಲಿ ‘ಮುಂದಿನದ್ದು ಇಂಥಲ್ಲಿದೆ’ ಎಂದು ಹೇಳುವ ಪುಟ್ಟ ಕೋಡ್ ಇರಬೇಕು. ಯುಇಎಫ್‌ಐ ಸ್ವಲ್ಪ ಹೆಚ್ಚು ಓದಿಕೊಂಡದ್ದು. ಅದು ಫ್ಯಾಟ್ ಎಂಬ ಫೈಲ್‌ಸಿಸ್ಟಮ್ ಇರುವ ಪಾರ್ಟಿಶನ್ (ಡಿಸ್ಕಿನ ಭಾಗ) ಓದಬಲ್ಲದು, ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅಲ್ಲಿ ನಿಗದಿತ ಹೆಸರಿನ ಒಂದು ಫೈಲ್ ಇದೆಯೇ ಎಂದು ಹುಡುಕುತ್ತದೆ. ಐಎಸ್‌ಒ ಫೈಲನ್ನು ಇಡಿಯಾಗಿ ಕಾಪಿ ಮಾಡಿದರೆ ಇವೆರಡಕ್ಕೂ ಕಾಣುವುದು ಒಂದು ದೊಡ್ಡ ಫೈಲು ಮಾತ್ರ. ಅದನ್ನು ಬಿಚ್ಚಿ ನೋಡುವಷ್ಟು ಬುದ್ಧಿ ಆ ಚಿಪ್‌ಗೆ ಇಲ್ಲ.

ಇಲ್ಲೊಂದು ಗೊಂದಲ ಹುಟ್ಟುತ್ತದೆ, ಯಾಕೆಂದರೆ ‘ನಾನು ಐಎಸ್‌ಒ ಎಕ್ಸ್‌ಟ್ರಾಕ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆ, ಬೂಟ್ ಆಯಿತು’ ಎನ್ನುವವರೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದು, ಲ್ಯಾಪ್‌ಟಾಪ್ ಯುಇಎಫ್‌ಐ ಆಗಿದ್ದು, ಒಳಗಿನ ಯಾವ ಫೈಲೂ 4 ಜಿಬಿ ದಾಟದಿದ್ದರೆ ಹಾಗೆ ಬಿಚ್ಚಿ ಹಾಕಿದ್ದೂ ಓಡುತ್ತದೆ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಇಡಲಿಕ್ಕೆ ಬರುವುದಿಲ್ಲ. ವಿಂಡೋಸ್ ಐಎಸ್‌ಒದಲ್ಲಿ ಇನ್‌ಸ್ಟಾಲ್ ಎಂಬ ಹೆಸರಿನ ವಿಮ್ ಫೈಲ್ ಹೆಚ್ಚಾಗಿ ಆ ಗೆರೆ ದಾಟಿರುತ್ತದೆ. ಹಾಗಾಗಿ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಇದನ್ನು ನಂಬಿ ಕೂರಬೇಡಿ ಎನ್ನುವುದಷ್ಟೇ ನನ್ನ ಮಾತು.

ಲ್ಯಾಪ್‌ಟಾಪ್ ಸೀದಾ ವಿಂಡೋಸಿಗೆ ಹೋಗುವುದು ಯಾಕೆ

ನಿಮ್ಮ ನಿಜವಾದ ತೊಡಕು ಇಲ್ಲಿದೆ ಎಂದು ನನ್ನ ಅಂದಾಜು. ಪೆನ್‌ಡ್ರೈವ್ ಸರಿಯಿದೆ, ಆದರೆ ಅದರಿಂದ ಶುರು ಮಾಡು ಎಂದು ಲ್ಯಾಪ್‌ಟಾಪಿಗೆ ಯಾರೂ ಹೇಳಿಲ್ಲ. ಅದು ತನ್ನ ರೂಢಿಯಂತೆ ಒಳಗಿನ ಹಾರ್ಡ್‌ಡಿಸ್ಕಿಗೇ ಹೋಗುತ್ತದೆ.

ಆನ್ ಮಾಡಿದ ತಕ್ಷಣ ಕಂಪನಿಯ ಗುರುತು ಕಾಣುವಾಗ ಒಂದು ಕೀ ಒತ್ತುತ್ತಾ ಇರಬೇಕು. ಡೆಲ್, ಲೆನೊವೊ ಹೆಚ್ಚಿನವುಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಅಥವಾ ಮೊದಲು ಎಸ್ಕೇಪ್, ಅಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಹೌದು, ಆದರೆ ಎಷ್ಟೋ ಏಸರ್‌ಗಳಲ್ಲಿ ಬಯಾಸಿನ ಒಳಗೆ ಹೋಗಿ ‘ಎಫ್12 ಬೂಟ್ ಮೆನು’ ಎಂಬುದನ್ನು ಮೊದಲು ಆನ್ ಮಾಡಿಡಬೇಕು. ಇಲ್ಲದಿದ್ದರೆ ಎಷ್ಟು ಒತ್ತಿದರೂ ಅದು ಕೇಳುವುದಿಲ್ಲ.

ಕೀ ಒತ್ತುವ ಕಸರತ್ತಿಗಿಂತ ಸುಲಭದ ಒಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ, ವಿಂಡೋಸಿನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ‘ರೀಸ್ಟಾರ್ಟ್’ ಕೊಡಿ. ನೀಲಿ ಪರದೆಯೊಂದು ಬರುತ್ತದೆ. ಅದರಲ್ಲಿ ‘ಯೂಸ್ ಎ ಡಿವೈಸ್’ ಎಂಬುದನ್ನು ಆರಿಸಿದರೆ ಪೆನ್‌ಡ್ರೈವಿನ ಹೆಸರು ಸಿಗುತ್ತದೆ. ಆ ಆಯ್ಕೆಯೇ ಕಾಣದಿದ್ದರೆ ನಿಮ್ಮ ವಿಂಡೋಸ್ ಹಳೆಯ ಬಯಾಸ್ ರೀತಿಯಲ್ಲಿ ಇನ್‌ಸ್ಟಾಲ್ ಆಗಿರುವ ಸಾಧ್ಯತೆ ಇದೆ. ಅದನ್ನು ಖಚಿತ ಮಾಡಿಕೊಳ್ಳಲು ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಹುಡುಕಿ ತೆರೆಯಿರಿ. ‘ಬಯಾಸ್ ಮೋಡ್’ ಎಂಬ ಸಾಲಿನಲ್ಲಿ ‘ಯುಇಎಫ್‌ಐ’ ಅಥವಾ ‘ಲೆಗಸಿ’ (ಹಳೆಯ ಬಯಾಸ್ ರೀತಿ) ಎಂದಿರುತ್ತದೆ. ಇದನ್ನು ಒಂದು ಕಾಗದದಲ್ಲಿ ಬರೆದಿಡಿ, ಮುಂದೆ ಬೇಕು. ವಿಂಡೋಸ್ ಯಾವ ರೀತಿಯಲ್ಲಿದೆಯೋ ಉಬುಂಟುವನ್ನೂ ಅದೇ ರೀತಿಯಲ್ಲಿ ಬೂಟ್ ಮಾಡಿ ಹಾಕಬೇಕು. ಒಂದು ಲೆಗಸಿ, ಇನ್ನೊಂದು ಯುಇಎಫ್‌ಐ ಆದರೆ ಎರಡೂ ಡಿಸ್ಕಿನಲ್ಲಿದ್ದೂ ಒಂದು ಮಾತ್ರ ಕಾಣುತ್ತದೆ. ‘ವಿಂಡೋಸ್ ಹೋಯಿತು’ ಎಂದು ನನ್ನ ಹತ್ತಿರ ಬರುವ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಆಗಿರುವುದು ಇಷ್ಟೇ, ವಿಂಡೋಸ್ ಅಲ್ಲೇ ಇರುತ್ತದೆ.

ನಂಬಿಕೆಯ ಸಹಿ ಇಲ್ಲದ ಪ್ರೋಗ್ರಾಮಿನಿಂದ ಲ್ಯಾಪ್‌ಟಾಪ್ ಶುರುವಾಗದಂತೆ ತಡೆಯುವ ‘ಸೆಕ್ಯೂರ್ ಬೂಟ್’ ಅನ್ನು ಆಫ್ ಮಾಡಲೇಬೇಕು ಎಂಬ ಮಾತೂ ಚಾಲ್ತಿಯಲ್ಲಿದೆ. ಉಬುಂಟುವಿನ ಮೊದಲ ಬೂಟ್ ಫೈಲಿಗೆ ಮೈಕ್ರೋಸಾಫ್ಟಿನ ಡಿಜಿಟಲ್ ಸಹಿ ಇದೆ, ಹಾಗಾಗಿ ಸಾಮಾನ್ಯವಾಗಿ ಸೆಕ್ಯೂರ್ ಬೂಟ್ ಆನ್ ಇದ್ದರೂ ಬೂಟ್ ಆಗುತ್ತದೆ. ಸುಮ್ಮನೆ ಹೋಗಿ ಅದನ್ನು ಬದಲಿಸಬೇಡಿ. ಯಾಕೆಂದರೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಇರುತ್ತದೆ, ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಸೆಕ್ಯೂರ್ ಬೂಟ್ ಬದಲಿಸಿದ ಮರುಗಳಿಗೆ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಆದರೆ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೇ ಯಾವುದೋ ಇಮೇಲಿನಲ್ಲಿ ಖಾತೆ ತೆರೆದುಕೊಟ್ಟಿದ್ದರೆ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ದರೆ, ಆ ಫೋಟೋಗಳನ್ನು ನಾನೂ ತೆಗೆದುಕೊಡಲಾರೆ, ಯಾರೂ ತೆಗೆದುಕೊಡಲಾರರು. ಸೆಟ್ಟಿಂಗ್ಸಿನಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಎಂದು ಹುಡುಕಿ. ಆನ್ ಇದ್ದರೆ ಮೊದಲು ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಇಲ್ಲವೇ ಎನ್‌ಕ್ರಿಪ್ಶನನ್ನೇ ಆಫ್ ಮಾಡಿ ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ.

ಪೆನ್‌ಡ್ರೈವನ್ನು ಮತ್ತೊಮ್ಮೆ ಮಾಡುವುದಾದರೆ

ಬಹುಶಃ ಬೇಕಾಗಲಿಕ್ಕಿಲ್ಲ. ಆದರೂ ಅರ್ಧಕ್ಕೆ ನಿಂತು ‘ಎರರ್’ ಎಂದು ಬಂದರೆ ಮೊದಲು ಸಂಶಯ ಪಡಬೇಕಾದ್ದು ಡೌನ್‌ಲೋಡನ್ನು. ನಮ್ಮ ಕಡೆ ಗುಡ್ಡದ ಮರೆಯ ಮನೆಗಳಲ್ಲಿ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಇಂಥ ದೊಡ್ಡ ಫೈಲು ಇಳಿಸುವುದು. ದಿನದ ಡೇಟಾ ಮುಗಿದು, ನಾಳೆ ಮುಂದುವರಿಸಿ, ನಡುವೆ ಕರೆಂಟು ಹೋಗಿ, ಕೊನೆಗೆ ಪೂರ್ತಿ ಆಯಿತು ಎಂದು ಬ್ರೌಸರ್ ಹೇಳಿದರೂ ಒಳಗೆ ಕೆಟ್ಟಿರಬಹುದು. ಅದಕ್ಕೇ ಐಎಸ್‌ಒ ಕೊಡುವವರು ಜತೆಯಲ್ಲಿ ಫೈಲು ಸರಿಯಿದೆಯೇ ಎಂದು ತಾಳೆ ನೋಡಲು ಶಾ256 ಎಂಬ 64 ಅಕ್ಷರಗಳ ಮೊತ್ತವನ್ನೂ ಕೊಡುತ್ತಾರೆ. ರೂಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಪಕ್ಕದ ಸರಿ ಗುರುತಿನ ಗುಂಡಿ ಒತ್ತಿದರೆ ನಿಮ್ಮ ಫೈಲಿನ ಮೊತ್ತ ಕಾಣುತ್ತದೆ. ಎರಡನ್ನೂ ಮಗಳ ಕೈಯಲ್ಲಿ ಓದಿಸಿ ಹೋಲಿಸಿ ನೋಡಿ. ಒಂದು ಅಕ್ಷರ ಬೇರೆ ಬಂದರೂ ಆ ಫೈಲ್ ಬೇಡ. ಮೂಲ ಉಬುಂಟುವನ್ನು ಇಳಿಸುವುದಾದರೆ ಟೊರೆಂಟ್ ದಾರಿಯೂ ಅವರ ಅಧಿಕೃತ ತಾಣದಲ್ಲೇ ಇದೆ. ಅದು ತುಂಡು ತುಂಡಾಗಿ ಇಳಿಸಿ ಪ್ರತಿ ತುಂಡನ್ನೂ ತಾನೇ ಪರೀಕ್ಷಿಸುವುದರಿಂದ ನಮ್ಮಂಥ ಕಡಿದು ಕಡಿದು ಬರುವ ನೆಟ್ಟಿಗೆ ಒಳ್ಳೆಯದು. ಟೊರೆಂಟ್ ಅಂದರೆ ಕಳ್ಳಮಾಲು ಎಂಬ ಭಾವನೆ ಈ ವಿಷಯಕ್ಕೆ ಅನ್ವಯವಲ್ಲ.

ಎರಡನೇ ಸಂಶಯ ಪೆನ್‌ಡ್ರೈವಿನ ಮೇಲೆ. ಜಾತ್ರೆ ಸಂತೆಯಲ್ಲೋ ಆನ್‌ಲೈನಿನಲ್ಲೋ ಕೆಲವು ನೂರು ರೂಪಾಯಿಗೆ ‘1 ಟಿಬಿ’ ಎಂದು ಮಾರುವ ಪೆನ್‌ಡ್ರೈವುಗಳು ಬರೀ ಮೋಸ. ಒಳಗಿರುವುದು ಚಿಕ್ಕ ಚಿಪ್, ದೊಡ್ಡದೆಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಬರೆಯುವಾಗ ಎಲ್ಲ ಸರಿಯಿರುತ್ತದೆ, ಓದುವಾಗ ಇರುವುದಿಲ್ಲ. ರೂಫಸ್‌ನಲ್ಲಿ ಬ್ಯಾಡ್ ಬ್ಲಾಕ್ ಪರೀಕ್ಷೆಗೆ ಟಿಕ್ ಹಾಕಿದರೆ ಇಂಥವು ಸಿಕ್ಕಿಬೀಳುತ್ತವೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಳ್ಳೆಯ ಕಂಪನಿಯ 8 ಅಥವಾ 16 ಜಿಬಿ ಈ ಕೆಲಸಕ್ಕೆ ಧಾರಾಳ.

ಸಾಫ್ಟ್‌ವೇರ್ ಯಾವುದು ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಉಬುಂಟುವಿಗೆ ಎಚರ್ ಸಾಕು, ಒತ್ತುವ ಗುಂಡಿಗಳೇ ಕಡಿಮೆ. ರೂಫಸ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಆದರೆ ಉಬುಂಟು ಮತ್ತು ವಿಂಡೋಸ್ ಎರಡರ ಪೆನ್‌ಡ್ರೈವನ್ನೂ ಮಾಡುತ್ತದೆ. ವಿಂಡೋಸಿನ ಐಎಸ್‌ಒವನ್ನು ಎಚರ್‌ನಲ್ಲಿ ಹಾಕಬೇಡಿ, ಅದು ಉಬುಂಟುವಿನಂತೆ ನೇರ ಬರೆಯಲು ಸಿದ್ಧವಾಗಿರುವ ಪಡಿಯಚ್ಚಲ್ಲ. ವೆಂಟಾಯ್ ಎಂಬುದೊಂದಿದೆ. ಅದನ್ನು ಒಮ್ಮೆ ಪೆನ್‌ಡ್ರೈವಿಗೆ ಹಾಕಿಟ್ಟರೆ ಮತ್ತೆ ಎಷ್ಟು ಐಎಸ್‌ಒ ಬೇಕಾದರೂ ಬರೇ ಕಾಪಿ ಮಾಡಿದರಾಯಿತು. ನಿಮ್ಮ ಅಕ್ಕನ ಮಗ ಮೊದಲು ಮಾಡಿದ್ದು ಅಲ್ಲಿ ಸರಿಯಾಗುತ್ತಿತ್ತು! ಹತ್ತಾರು ಲ್ಯಾಪ್‌ಟಾಪ್ ನೋಡುವವರಿಗೆ ಅದು ವರ, ಒಂದು ಲ್ಯಾಪ್‌ಟಾಪಿನ ಮನೆಗೆ ಬೇಕಿಲ್ಲ. ಸೆಕ್ಯೂರ್ ಬೂಟ್ ಇರುವ ಕಡೆ ಅದಕ್ಕೆ ಮೊದಲ ಸಲ ಕೀ ಸೇರಿಸುವ ಇನ್ನೊಂದು ಮೆಟ್ಟಿಲೂ ಇದೆ. ಯಾವುದನ್ನೇ ಬಳಸಿ, ಬರೆಯುವ ಮುನ್ನ ಬೇರೆ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲ ಕಳಚಿಡಿ. ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ತಪ್ಪಿ ಇನ್ನೊಂದನ್ನು ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಬರೆಯುವಾಗ ಕರೆಂಟು ಹೋದರೆ ಗಾಬರಿ ಬೇಡ, ಮತ್ತೊಮ್ಮೆ ಬರೆದರಾಯಿತು.

ಯಾವ ಉಬುಂಟು ಎಂದೂ ಹೇಳಬೇಕು. ಕೇರಳದ ಶಾಲೆಗಳಲ್ಲಿರುವುದು ಶಾಲೆಗಳ ಐಟಿ ಕಲಿಕೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಪಠ್ಯಕ್ಕೆ ತಕ್ಕಂತೆ ಸಜ್ಜುಗೊಳಿಸಿದ ರೂಪ. ಅವರ 22.04 ಆವೃತ್ತಿ ಉಬುಂಟು 22.04ರ ಮೇಲೆ ಕಟ್ಟಿದ್ದು. ಜಿಯೋಜೀಬ್ರಾ, ಗಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸಿನಂಥ ಪ್ರೋಗ್ರಾಮುಗಳನ್ನು ಮೂಲ ಉಬುಂಟುವಿಗೂ ಸೇರಿಸಿಕೊಳ್ಳಬಹುದು. ಆದರೆ ಮಗಳಿಗೆ ಬೇಕಾದ್ದು ಶಾಲೆಯ ಪರದೆಯೇ ಆದರೆ ಶಾಲೆಯದ್ದನ್ನೇ ಹಾಕಿ, ಅದೇ ಮೆನು ಅದೇ ಜಾಗದಲ್ಲಿ ಸಿಗುತ್ತದೆ. ಇಷ್ಟು ದೊಡ್ಡ ಫೈಲನ್ನು ಹಾಟ್‌ಸ್ಪಾಟಿನಲ್ಲಿ ಇಳಿಸುವ ಮೊದಲು ಶಾಲೆಯ ಐಟಿ ಮಾಸ್ಟರನ್ನೋ ಟೀಚರನ್ನೋ ಒಮ್ಮೆ ಕೇಳಿ. ಶಾಲೆಯ ಐಟಿ ಕೂಟವಾದ ಲಿಟಲ್ ಕೈಟ್ಸಿನ ಮಕ್ಕಳ ಬಳಿ ಇದ್ದರೂ ಇರಬಹುದು.

ಇನ್ನು ನಿಮ್ಮ ಮುಂದಿರುವ ದಾರಿಗಳು

ಎಲ್ಲಕ್ಕಿಂತ ಮೊದಲು ಇನ್‌ಸ್ಟಾಲ್ ಮಾಡದೇ ನೋಡುವ ದಾರಿ. ಪೆನ್‌ಡ್ರೈವಿನಿಂದ ಬೂಟ್ ಆದಾಗ ‘ಟ್ರೈ’ ಎಂದೂ ‘ಇನ್‌ಸ್ಟಾಲ್’ ಎಂದೂ ಎರಡು ಆಯ್ಕೆ ಬರುತ್ತದೆ. ಟ್ರೈ ಒತ್ತಿದರೆ ಉಬುಂಟು ಪೂರ್ತಿ ಪೆನ್‌ಡ್ರೈವ್ ಮತ್ತು ರ‍್ಯಾಮಿನಲ್ಲೇ ಓಡುತ್ತದೆ, ನೀವಾಗಿ ಹಾರ್ಡ್‌ಡಿಸ್ಕಿನ ಒಳಗೆ ಹೋಗಿ ಏನಾದರೂ ಅಳಿಸದ ಹೊರತು ವಿಂಡೋಸಿಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತದೆಯೇ, ಶಬ್ದ ಬರುತ್ತದೆಯೇ, ಟಚ್‌ಪ್ಯಾಡ್ ಕೇಳುತ್ತದೆಯೇ ಎಂದು ಇಲ್ಲೇ ನೋಡಿಕೊಳ್ಳಿ. ನಿಧಾನವಾಗಿರುತ್ತದೆ, ಅದು ಪೆನ್‌ಡ್ರೈವಿನ ವೇಗ. ಮಾಡಿದ ಕೆಲಸ ಆಫ್ ಮಾಡಿದಾಗ ಉಳಿಯುವುದಿಲ್ಲ. ಮಗಳು ಗಿಂಪಿನಲ್ಲಿ ಬಿಡಿಸಿದ್ದನ್ನು ಇನ್ನೊಂದು ಪೆನ್‌ಡ್ರೈವಿಗೆ ಸೇವ್ ಮಾಡಬೇಕು. ಪರೀಕ್ಷೆಗೆ ಎರಡು ವಾರ ಇರುವಾಗ ಬರೇ ಅಭ್ಯಾಸಕ್ಕೆ ಎಂದಾದರೆ ಇಷ್ಟೇ ಸಾಕು, ಬೇರೆ ಯಾವುದಕ್ಕೂ ಕೈ ಹಾಕಬೇಡಿ ಎಂದೇ ನಾನು ಹೇಳುವುದು.

ಎರಡನೆಯದು ಡ್ಯುಯಲ್ ಬೂಟ್, ಎರಡೂ ಒಂದೇ ಡಿಸ್ಕಿನಲ್ಲಿ. ಅಂಗಡಿಯವರು ಹೆದರಿಸಿದ್ದು ಇದರ ಬಗ್ಗೆ. ಹೆದರಿಕೆಗೆ ಕಾರಣವೂ ಇದೆ. ಇನ್‌ಸ್ಟಾಲ್ ಮಾಡುವಾಗ ಒಂದು ಪರದೆಯಲ್ಲಿ ‘ಇನ್‌ಸ್ಟಾಲ್ ಅಲಾಂಗ್‌ಸೈಡ್’, ‘ಇರೇಸ್ ಡಿಸ್ಕ್’, ‘ಸಂಥಿಂಗ್ ಎಲ್ಸ್’ ಎಂಬ ಆಯ್ಕೆಗಳಿರುತ್ತವೆ. ಮೊದಲನೆಯದು ವಿಂಡೋಸಿನ ಪಕ್ಕದಲ್ಲಿ ಹಾಕುವುದು. ಎರಡನೆಯದು ಡಿಸ್ಕನ್ನೇ ಅಳಿಸುವುದು, ನಿಮ್ಮ ಪದ್ಯ, ಲೆಕ್ಕ, ಫೋಟೋ ಎಲ್ಲ ಹೋಗುವುದು ಇದನ್ನು ಒತ್ತಿದರೆ. ಮೂರನೆಯದರಲ್ಲಿ ಡಿಸ್ಕಿನ ಭಾಗಗಳನ್ನು ನೀವೇ ಆರಿಸಬೇಕು, ಅಲ್ಲಿ ತಪ್ಪಿದರೂ ಫೈಲು ಹೋಗಬಹುದು. ‘ಅಲಾಂಗ್‌ಸೈಡ್’ ಎಂಬ ಆಯ್ಕೆಯೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಹೊರಗೆ ಬನ್ನಿ. ಉಬುಂಟು ನಿಮ್ಮ ವಿಂಡೋಸನ್ನು ಗುರುತಿಸಿಲ್ಲ ಎಂದು ಅದರರ್ಥ. ಲೆಗಸಿ-ಯುಇಎಫ್‌ಐ ತಪ್ಪಿರಬಹುದು, ಎನ್‌ಕ್ರಿಪ್ಶನ್ ಇರಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಇಂಟೆಲ್ ಆರ್‌ಎಸ್‌ಟಿ ಎಂಬ ರೀತಿಯಲ್ಲಿ ಜೋಡಿಸಿರುತ್ತಾರೆ, ಆಗ ಉಬುಂಟುವಿಗೆ ಡಿಸ್ಕೇ ಕಾಣುವುದಿಲ್ಲ. ಅದನ್ನು ಬಯಾಸಿನಲ್ಲಿ ಎಎಚ್‌ಸಿಐ ಎಂಬ ಇನ್ನೊಂದು ರೀತಿಗೆ ಬದಲಿಸಬಹುದು, ಆದರೆ ಮುಂಚಿತ ತಯಾರಿಯಿಲ್ಲದೆ ಬದಲಿಸಿದರೆ ವಿಂಡೋಸ್ ಏಳದೆ ಮಲಗುತ್ತದೆ. ಆ ಹಂತ ಬಂದರೆ ಗೊತ್ತಿದ್ದವರ ಕೈಗೆ ಕೊಡಿ.

ಡ್ಯುಯಲ್ ಬೂಟಿಗೆ ಜಾಗ ಬಿಡಿಸುವುದನ್ನು ಉಬುಂಟುವಿಗೆ ವಹಿಸದೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ‘ಶ್ರಿಂಕ್’ ಮಾಡಿ. ಉಬುಂಟು ಕೇಳುವುದು 25 ಜಿಬಿ, ನಾನು 40 ಬಿಡಿ ಎನ್ನುತ್ತೇನೆ. ಅದಕ್ಕೂ ಮೊದಲು ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡಿಸ್ಕನ್ನು ಅರ್ಧ ತೆರೆದಿಟ್ಟೇ ಇರುತ್ತದೆ. ಆಗ ಉಬುಂಟು ಆ ಪಾರ್ಟಿಶನಿಗೆ ಬರೆಯಲು ಒಪ್ಪುವುದಿಲ್ಲ. ಪಾರ್ಟಿಶನ್ ಕುಗ್ಗಿಸುವಾಗ ಕರೆಂಟು ಹೋದರೆ ಮಾತ್ರ ಅದು ನಿಜವಾದ ಅಪಾಯ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ, ಆಟಿ ತಿಂಗಳ ಮಳೆಗೆ, ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಹಾಕಿದ ಮೇಲೆ ಕೆಲವೊಮ್ಮೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುತ್ತದೆ. ಉಬುಂಟು ಗ್ರೀನಿಚ್ ಸಮಯವನ್ನು ಇಟ್ಟುಕೊಳ್ಳುವುದರಿಂದ ಹಾಗೆ, ಲ್ಯಾಪ್‌ಟಾಪಿನ ದೋಷವಲ್ಲ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಉಬುಂಟುವಿನ ಮೆನು ಕಾಣದೇ ಹೋಗುವುದೂ ಉಂಟು. ಬಯಾಸಿನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮತ್ತೆ ಮೇಲೆ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೂರನೆಯದು ನನಗೆ ಹೆಚ್ಚು ಇಷ್ಟವಾದದ್ದು, ನಿಮ್ಮ ಲ್ಯಾಪ್‌ಟಾಪಿಗೆ ಹೊಂದುವಂಥದ್ದೂ ಹೌದು. 2017ರ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ತಿರುಗುವ ಹಾರ್ಡ್‌ಡಿಸ್ಕ್ ಇರುತ್ತದೆ. ಅದನ್ನು ಹಾಗೇ ಕಳಚಿ, ಅದರ ಜಾಗಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಉಬುಂಟುವನ್ನು ಅದರ ಮೇಲೆ ಇನ್‌ಸ್ಟಾಲ್ ಮಾಡಿ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ನಿಮ್ಮ ಫೈಲುಗಳೆಲ್ಲ ಅದರಲ್ಲಿ ಹಾಗೇ ಇರುತ್ತವೆ. ಇನ್‌ಸ್ಟಾಲ್ ಮಾಡುವಾಗ ಅದು ಲ್ಯಾಪ್‌ಟಾಪಿನಲ್ಲೇ ಇಲ್ಲದ ಮೇಲೆ ಅಳಿಸಿಹೋಗುವುದಾದರೂ ಎಲ್ಲಿಂದ? ‘ಇರೇಸ್ ಡಿಸ್ಕ್’ ಒತ್ತಿದರೂ ಅಳಿಯುವುದು ಖಾಲಿ ಎಸ್‌ಎಸ್‌ಡಿ. 4 ಜಿಬಿ ರ‍್ಯಾಮಿನಲ್ಲಿ ಉಬುಂಟು 22.04 ನಡೆಯುತ್ತದೆ, ಆದರೆ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಸ್ಲಾಟ್ ಇದ್ದರೆ ಇನ್ನೊಂದು 4 ಜಿಬಿ ಸೇರಿಸಿ. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಇವೆರಡರ ಖರ್ಚು ಏನೂ ಅಲ್ಲ.

ವಿಂಡೋಸಿನ ಒಳಗೇ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ ಅದರೊಳಗೆ ಉಬುಂಟು ಓಡಿಸಬಹುದು ಎಂದು ಯಾರಾದರೂ ಹೇಳಿಯಾರು. 4 ಜಿಬಿಯನ್ನು ಎರಡು ಪಾಲು ಮಾಡಿದರೆ ಇಬ್ಬರಿಗೂ ಹೊಟ್ಟೆ ತುಂಬುವುದಿಲ್ಲ, ಬಿಟ್ಟುಬಿಡಿ.

ಅಂಗಡಿಯವರ ಇನ್ನೊಂದು ಮಾತು, ವಿಂಡೋಸ್ 10 ನಿಂತಿದೆ ಎಂಬುದು. ನಿಂತದ್ದು ವಿಂಡೋಸ್ ಅಲ್ಲ, ಅದಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್. ಅದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಣೆ ಇದೆ. ವಿಂಡೋಸ್ 11 ಹಾಕಲು ಮೈಕ್ರೋಸಾಫ್ಟ್ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್ ಮತ್ತು ಇಂಟೆಲ್ ಆದರೆ 8ನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಕೇಳುತ್ತದೆ. 2017ರ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಆ ಗೆರೆ ಮುಟ್ಟುವುದಿಲ್ಲ. ಆ ತಪಾಸಣೆಯನ್ನು ತಪ್ಪಿಸಿ ಪೆನ್‌ಡ್ರೈವ್ ಮಾಡುವ ಆಯ್ಕೆ ರೂಫಸ್‌ನಲ್ಲೇ ಇದೆ, ಹಾಕಿದರೆ ಓಡುತ್ತದೆ ಕೂಡ. ಆದರೆ ಅಂಥ ಲ್ಯಾಪ್‌ಟಾಪಿಗೆ ಮುಂದಿನ ಅಪ್‌ಡೇಟುಗಳ ಭರವಸೆ ಕೊಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟ ಹೇಳಿದೆ, 4 ಜಿಬಿಯಲ್ಲಿ ಅದರ ನಡಿಗೆಯೂ ಬಹಳ ನಿಧಾನ. ನಿಮಗೆ ಅದನ್ನು ನಾನು ಹೇಳುವುದಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತೇವೆ ಎಂದರೆ ಅದಂತೂ ಬೇಡವೇ ಬೇಡ, ಬ್ಯಾಂಕಿನ ವ್ಯವಹಾರ ಮಾಡುವ ಲ್ಯಾಪ್‌ಟಾಪಿನಲ್ಲಿ ಯಾರೋ ಬರೆದ ಆಕ್ಟಿವೇಟರನ್ನು ಓಡಿಸುವುದೆಂದರೆ ಮನೆಯ ಬೀಗದ ಕೈ ಕೊಟ್ಟ ಹಾಗೆಯೇ. ಅದರ ಅಗತ್ಯವೂ ಇಲ್ಲ. ಲ್ಯಾಪ್‌ಟಾಪಿನ ಜತೆಯಲ್ಲೇ ವಿಂಡೋಸ್ 10 ಬಂದಿದ್ದರೆ ಅದರ ಲೈಸೆನ್ಸ್ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಅದೇ ಎಡಿಶನನ್ನು ಮತ್ತೆ ಹಾಕಿದರೆ ಇಂಟರ್ನೆಟ್ ಸಿಕ್ಕಿದಾಗ ತಾನಾಗಿ ಆಕ್ಟಿವೇಟ್ ಆಗುತ್ತದೆ.

ನುಡಿಯ ಪದ್ಯಗಳ ಬಗ್ಗೆ ಬೇರೆಯಾಗಿ ಹೇಳಬೇಕು, ಇದನ್ನು ಕನ್ನಡದಲ್ಲಿ ಕೆಲಸ ಮಾಡದವರು ಯಾರೂ ಎಚ್ಚರಿಸುವುದಿಲ್ಲ. ನೀವು ಹಳೆಯ ನುಡಿಯಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಫೈಲಿನೊಳಗೆ ಇರುವುದು ಕನ್ನಡ ಅಕ್ಷರಗಳಲ್ಲ, ಕನ್ನಡದಂತೆ ಕಾಣುವ ಫಾಂಟಿನ ಚಿತ್ರಗಳು. ಉಬುಂಟುವಿನ ಲಿಬ್ರೆ ಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಆಗ ಫೈಲ್ ಕೆಟ್ಟಿತು ಎಂದು ಅಳಿಸಿಬಿಡಬೇಡಿ. ಲ್ಯಾಪ್‌ಟಾಪಿನಲ್ಲಿರುವ ಆ ನುಡಿ ಫಾಂಟ್ ಫೈಲುಗಳನ್ನೂ ಜತೆಯಲ್ಲಿ ತೆಗೆದಿಟ್ಟು ಉಬುಂಟುವಿಗೆ ಸೇರಿಸಿದರೆ ಪದ್ಯ ಮತ್ತೆ ಓದಲಿಕ್ಕೆ ಬರುತ್ತದೆ. ವಿಂಡೋಸ್ ಇನ್ನೂ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಇರುವ ಸಾಲುಗಳನ್ನು ಕಣ್ಣಿಟ್ಟು ನೋಡಿ, ತಪ್ಪು ಹೆಚ್ಚಾಗಿ ಅಲ್ಲೇ. ಮೂಲವನ್ನೂ ಉಳಿಸಿಕೊಳ್ಳಿ. ಉಬುಂಟುವಿನಲ್ಲಿ ಟೈಪ್ ಮಾಡಲು ನುಡಿಯಲ್ಲಿದ್ದ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ, ನಿಮ್ಮ ಬೆರಳುಗಳ ಅಭ್ಯಾಸ ಬದಲಿಸಬೇಕಾಗಿಲ್ಲ.

ಆದ್ದರಿಂದ ಈ ವಾರ ಮೊದಲು ಪದ್ಯ, ಲೆಕ್ಕ, ಫೋಟೋಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಅಕ್ಕನ ಮನೆಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಕೆಲವು ಫೈಲು ತೆರೆದು ನೋಡಿ. ಬೂಟ್ ಆಗುವ ಪೆನ್‌ಡ್ರೈವಿನಲ್ಲೇ ಬ್ಯಾಕಪ್ ಇಡಲು ಹೋಗಬೇಡಿ, ಮತ್ತೊಮ್ಮೆ ಐಎಸ್‌ಒ ಬರೆಯುವಾಗ ಅದು ಅಳಿದುಹೋಗುತ್ತದೆ. ಆಮೇಲೆ ಈಗಿರುವ ಅದೇ ಪೆನ್‌ಡ್ರೈವನ್ನು, ಫಾರ್ಮ್ಯಾಟ್ ಮಾಡದೆ, ಸಿಕ್ಕಿಸಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ, ‘ಟ್ರೈ’ ಆರಿಸಿ ಮಗಳಿಗೆ ಬಿಟ್ಟುಕೊಡಿ. ಪರದೆಯ ಮೇಲೆ ಯಾವುದಾದರೂ ಎರರ್ ಬಂದರೆ ಅದರ ಫೋಟೋ ತೆಗೆದು, ಲ್ಯಾಪ್‌ಟಾಪಿನ ಮಾಡೆಲ್ ಮತ್ತು ಕಾಗದದಲ್ಲಿ ಬರೆದಿಟ್ಟ ಬಯಾಸ್ ಮೋಡ್ ಜತೆ ಕಳುಹಿಸಿ. ಎಸ್‌ಎಸ್‌ಡಿ ಕೊಳ್ಳುವುದನ್ನು ಅದರ ನಂತರ ನೋಡೋಣ.